ಬಾಡಿಗೆಗೆ ಕೊಟ್ಟ ಮನೆಗೆ ಇನ್ಶೂರೆನ್ಸ್ ಮಾಡಿಸುವವರಿಗೆ
ಬಾಡಿಗೆಗೆ ಕೊಡುವಾಗ ಅಡ್ವಾನ್ಸ್ ಎಷ್ಟು, ಖಾಲಿ ಮಾಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯೋದು ಅಂತ ಎಲ್ಲರೂ ಚೌಕಾಸಿ ಮಾಡುತ್ತಾರೆ. ಮನೆಗೇ ಏನಾದರೂ ಆದರೆ ದುಡ್ಡು ಎಲ್ಲಿಂದ ಅಂತ ಯೋಚಿಸುವವರು ಕಡಿಮೆ. "ಲೋನ್ ತಗೊಳ್ಳುವಾಗ ಬ್ಯಾಂಕಿನವರೇ ಮಾಡಿಸಿದ್ದಾರಲ್ಲ" ಅನ್ನುವವರು ಆ ಕಾಗದ ಒಮ್ಮೆ ತೆಗೆದು ನೋಡಿ. ಎಷ್ಟೋ ಸಲ ಅದು ಸಾಲ ತಗೊಂಡವರ ಜೀವಕ್ಕೆ ಮಾಡಿಸಿದ ವಿಮೆ, ಗೋಡೆಗೂ ಚಾವಣಿಗೂ ಸಂಬಂಧವೇ ಇರುವುದಿಲ್ಲ.

ಏಜೆಂಟ್ ಹತ್ತಿರ ಹೋದಾಗ ಭಾರತ್ ಗೃಹ ರಕ್ಷಾ ಪಾಲಿಸಿ ಬೇಕು ಅಂತ ಹೆಸರು ಹಿಡಿದೇ ಕೇಳಿ. 2021ರ ಏಪ್ರಿಲ್ 1ರಿಂದ ವಿಮಾ ಕಂಪನಿಗಳ ಮೇಲ್ವಿಚಾರಣೆ ಮಾಡುವ ಐಆರ್‌ಡಿಎಐ ಜಾರಿಗೆ ತಂದ ಪಾಲಿಸಿ ಇದು. ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ಓರಿಯೆಂಟಲ್, ನ್ಯಾಷನಲ್ ಎಂಬ ನಾಲ್ಕು ಸರ್ಕಾರಿ ಕಂಪನಿಗಳಲ್ಲೂ ಸಿಗುತ್ತದೆ, ಖಾಸಗಿಯವರಲ್ಲೂ ಸಿಗುತ್ತದೆ. ಮೂಲ ಷರತ್ತುಗಳು ಎಲ್ಲ ಕಡೆ ಒಂದೇ. ಹಾಗಾಗಿ ಮೂರು ಕಡೆ ಪ್ರೀಮಿಯಂ ಕೇಳಿ, ಕ್ಲೇಮ್ ಬಂದಾಗ ಓಡಾಡೋಕೆ ಹತ್ತಿರದ ಆಫೀಸು ಯಾವುದು ಅಂತ ನೋಡಿ, ಸಾಕು. ಕಟ್ಟಡಕ್ಕಷ್ಟೇ ಆದರೆ ವರ್ಷದ ಪ್ರೀಮಿಯಂ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಯಷ್ಟೂ ಆಗುವುದಿಲ್ಲ.

ಬೆಂಕಿ, ಸಿಡಿಲು, ಗಾಳಿಮಳೆ, ನೆರೆ, ಭೂಕುಸಿತ, ಮನೆ ಮೇಲೆ ಮರ ಬೀಳುವುದು, ಟ್ಯಾಂಕ್ ಒಡೆಯುವುದು, ಎಲ್ಲ ಇದರೊಳಗೇ ಬರುತ್ತದೆ. ಅಂದರೆ ನಮ್ಮ ಮಳೆಗಾಲದ ಪಟ್ಟಿ ಹೆಚ್ಚುಕಮ್ಮಿ ಪೂರ್ತಿ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದ್ದು ನೆನಪಿದೆಯಲ್ವಾ? 2021ರ ಜನವರಿಯಲ್ಲಿ ಶಿವಮೊಗ್ಗ ಹತ್ತಿರದ ಹುಣಸೋಡಿನ ಕಲ್ಲುಕ್ವಾರಿ ಬಳಿ ಆದ ಸ್ಫೋಟಕ್ಕೆ ದೂರದ ಮನೆಗಳ ಗಾಜು ಕೂಡ ಒಡೆದಿತ್ತು. ಸ್ಫೋಟವೂ ಈ ಪಾಲಿಸಿಯಲ್ಲಿದೆ. ಹೆಂಚು ಸರಿದು ಸೋರುವುದು, ಗೋಡೆಗೆ ಪಾಚಿ ಹಿಡಿಯುವುದು, ಹಳೇ ತೊಲೆ ಲಡ್ಡಾಗುವುದು ಮಾತ್ರ ಬರುವುದಿಲ್ಲ. ಅದು ಸವೆತ, ರಿಪೇರಿ ನಿಮ್ಮದೇ ಖರ್ಚು.

ಮಲೆನಾಡಿನಲ್ಲಿ ಜಾಸ್ತಿ ಗಮನ ಕೊಡಬೇಕಾದ್ದು ಧರೆ, ಅಂದರೆ ಗುಡ್ಡ ಕಡಿದಾಗ ಮನೆ ಹಿಂದೆ ಉಳಿಯುವ ಕಡಿದಾದ ಮಣ್ಣಿನ ಗೋಡೆಯ ವಿಷಯಕ್ಕೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಗುಡ್ಡ ಕಡಿದು, ಅದೇ ಮಣ್ಣನ್ನು ಮುಂದಕ್ಕೆ ತುಂಬಿ, ಅದರ ಮೇಲೆ ಮನೆ ಕಟ್ಟುವುದು ಮಾಮೂಲು. ಹಿಂದಿನ ಧರೆ ಕುಸಿದು ಅಡುಗೆಮನೆ ಗೋಡೆ ಹೋಯಿತು ಅಂದರೆ ಅದು ಭೂಕುಸಿತ, ಕ್ಲೇಮ್ ಕೇಳಬಹುದು. ಆದರೆ ಮುಂದಿನ ತುಂಬಿದ ಮಣ್ಣು ಕುಳಿತು ಜಗಲಿ ಬಿರುಕು ಬಿಟ್ಟರೆ ಪಾಲಿಸಿ ಅದನ್ನು ಹೊರಗಿಡುತ್ತದೆ. ಹೊಸ ಕಟ್ಟಡ ಕುಳಿತು ಬರುವ ಬಿರುಕು, ಹೊಳೆ ದಡ ಕೊರೆಯುವುದು, ಕಟ್ಟಿದ್ದೇ ಸರಿ ಇಲ್ಲದೆ ಆದ ಹಾನಿ, ಇವೂ ಹೊರಗೆ. ಒಂದೇ ಮನೆಯ ಹಿಂದೆ ಒಂದು ನ್ಯಾಯ, ಮುಂದೆ ಒಂದು ನ್ಯಾಯ! ಹಾನಿ ಎಷ್ಟು ಅಂತ ಅಂದಾಜು ಮಾಡುವ ವಿಮಾ ಸರ್ವೇಯರ್ ಬಂದು ನೋಡುವುದೂ ಇದನ್ನೇ. ಅದಕ್ಕೇ ಆರಿದ್ರಾ ಮಳೆ ಹಿಡಿಯುವ ಮುಂಚೆ ಮನೆಯ ನಾಲ್ಕೂ ಮೂಲೆ, ಧರೆ, ಚರಂಡಿ, ಚಾವಣಿಯ ಫೋಟೋ ತೆಗೆದಿಡಿ. ಆ ಬಿರುಕು ಮೊದಲು ಇರಲಿಲ್ಲ ಅಂತ ತೋರಿಸೋಕೆ ಬೇರೆ ದಾರಿ ಇಲ್ಲ. ತಡೆಗೋಡೆ, ಕಾಂಪೌಂಡು, ಸೋಲಾರ್ ಇದ್ದರೆ ಅರ್ಜಿಯಲ್ಲೇ ಸೇರಿಸಿ.

ಎಷ್ಟು ಮೊತ್ತಕ್ಕೆ ಮಾಡಿಸೋದು? ಮನೆ ಮಾರಿದರೆ ಬರುವ ರೇಟಿಗಲ್ಲ. ಜಾಗದ ಬೆಲೆ ಲೆಕ್ಕಕ್ಕಿಲ್ಲ, ಮತ್ತೆ ಕಟ್ಟೋಕೆ ಆಗುವ ಖರ್ಚು ಮಾತ್ರ. ಕಾರ್ಪೆಟ್ ಏರಿಯಾ (ಗೋಡೆಗಳ ಒಳಗಿನ ನೆಲದ ಅಳತೆ) ಹತ್ತು ಚದರ, ಅಂದರೆ 1,000 ಚದರಡಿ ಅಂದುಕೊಳ್ಳಿ. ನಿಮ್ಮೂರಿನ ಇಂಜಿನಿಯರ್ ಚದರಡಿಗೆ 2,000 ರೂಪಾಯಿ ಅಂದರೆ 20 ಲಕ್ಷ. ಶಿವಮೊಗ್ಗದ ವಿನೋಬನಗರದಲ್ಲಿ ಸೈಟಿಗೆ ಎಷ್ಟೇ ಕೋಟಿ ಇರಲಿ, ಅದನ್ನು ಸೇರಿಸಿದರೆ ಸುಮ್ನೆ ಜಾಸ್ತಿ ಪ್ರೀಮಿಯಂ ಕಟ್ಟುತ್ತೀರಿ. ಒಟ್ಟಿಗೆ ಹತ್ತು ವರ್ಷದವರೆಗೂ ಮಾಡಿಸಬಹುದು, ವಿಮಾ ಮೊತ್ತ ವರ್ಷಕ್ಕೆ ಶೇ 10ರಂತೆ ತಾನಾಗಿ ಏರುತ್ತದೆ.

ಅರ್ಜಿ ತುಂಬುವಾಗ ಏಜೆಂಟ್ ಪಕ್ಕದಲ್ಲೇ ಕೂತಿರಿ. "ಸ್ವಂತ ವಾಸ" ಅಂತ ಬರೆದುಬಿಟ್ಟರೆ ಅವರಿಗೆ ಕೆಲಸ ಬೇಗ ಮುಗಿಯುತ್ತದೆ, ಕ್ಲೇಮ್ ಹೊತ್ತಿಗೆ ಪೇಚಾಡುವವರು ನೀವು. ಬಾಡಿಗೆಗೆ ಕೊಟ್ಟಿದೆ ಅಂತಲೇ ಬರೆಸಿ. ಬಾಡಿಗೆದಾರರು ಖಾಲಿ ಮಾಡಿದರೂ ಕಂಪನಿಗೆ ಒಂದು ಮೇಲ್ ಹಾಕಿ. ಮಣ್ಣಿನ ಗೋಡೆಯ ಹಳೇ ಮನೆಯಾಗಿದ್ದರೆ ಮಣ್ಣಿನ ಗೋಡೆ ಅಂತಲೇ ಇರಲಿ. ಮನೆಯಲ್ಲಿ ಹೋಂಸ್ಟೇ ಅಥವಾ ಅಂಗಡಿ ನಡೆಯುತ್ತಿದ್ದರೆ ಈ ಪಾಲಿಸಿ ಆಗುವುದಿಲ್ಲ, ವ್ಯಾಪಾರದ ಜಾಗಕ್ಕೆ ಬೇರೆಯೇ ಇದೆ.

ವಿಮೆಯಲ್ಲಿರುವ ಅಪಾಯದಿಂದಲೇ ಮನೆ ವಾಸಕ್ಕೆ ಆಗದ ಹಾಗಾದರೆ ಕೈತಪ್ಪಿದ ಬಾಡಿಗೆಯನ್ನೂ ಕೇಳಬಹುದು. ಇದು ಗೊತ್ತಿಲ್ಲದೆ ಬಿಟ್ಟುಬಿಡುವವರಿದ್ದಾರೆ. ಅದಕ್ಕೆ ಬಾಡಿಗೆ ಕರಾರು ಪತ್ರ ಚಾಲ್ತಿಯಲ್ಲಿರಲಿ, ಬಾಡಿಗೆ ಬ್ಯಾಂಕ್ ಖಾತೆಗೇ ಬರಲಿ. ಕೈಯಲ್ಲಿ ಇಸ್ಕೊಂಡಿದ್ದಕ್ಕೆ ಸಾಕ್ಷಿ ಎಲ್ಲಿದೆ? ಬಾಡಿಗೆದಾರರ ಟಿವಿ, ಬಟ್ಟೆಬರೆ ನಿಮ್ಮ ಪಾಲಿಸಿಗೆ ಬರುವುದಿಲ್ಲ ಅಂತ ಅವರಿಗೂ ಹೇಳಿಬಿಡಿ. ಬೇಕಾದರೆ ಸಾಮಾನಿಗೆ ಮಾತ್ರ ಅವರೇ ಬೇರೆ ಮಾಡಿಸಿಕೊಳ್ಳಲಿ.

ಹಾನಿಯಾದರೆ ಮೊದಲು ಕಂಪನಿಗೆ ತಿಳಿಸಿ, ಫೋಟೋ ತೆಗೆಯಿರಿ, ಸರ್ವೇಯರ್ ನೋಡುವ ಮುಂಚೆ ಎಲ್ಲ ಎತ್ತಿಹಾಕಬೇಡಿ. ಟಾರ್ಪಾಲು ಹೊದಿಸೋಕೆ ಅಡ್ಡಿಯಿಲ್ಲ, ಹೊದಿಸಲೇಬೇಕು. ಕಂಪನಿಯವರು ಒಪ್ಪದಿದ್ದರೆ ಮೊದಲು ಅವರಿಗೇ ಬರಹದಲ್ಲಿ ದೂರು ಕೊಡಿ. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿ ಇಂಥ ತಕರಾರು ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಇದ್ದಾರೆ, ಅಲ್ಲಿ ಫೀಸೂ ಇಲ್ಲ, ವಕೀಲರೂ ಬೇಕಿಲ್ಲ.