ಸೌಲಭ್ಯಗಳು ತುಂಬಿದ ಮೊಬೈಲನ್ನು ಕೊಳ್ಳುವ ಮೊದಲು ತೂಗಿ ನೋಡುವುದು ಹೇಗೆ

ಮೊಬೈಲ್ ಅಂಗಡಿಯಲ್ಲಿ ಪ್ರತಿ ಫೋನಿನ ಮುಂದೆಯೂ ಒಂದು ಚೀಟಿ ಇರುತ್ತದೆ: 200 ಮೆಗಾಪಿಕ್ಸೆಲ್ ಕ್ಯಾಮೆರಾ, 120 ಹರ್ಟ್ಸ್ ಅಮೋಲೆಡ್ ಪರದೆ, 16 ಜಿಬಿ ರ್‍ಯಾಮ್, 90 ವ್ಯಾಟ್ ಚಾರ್ಜಿಂಗ್, ದೂಳು ಮತ್ತು ನೀರು ತಡೆಯುವ ಐಪಿ68 ದರ್ಜೆ. ಇವುಗಳಲ್ಲಿ ಹೆಚ್ಚಿನವು ಸುಳ್ಳಲ್ಲ. ಆದರೆ ಅವು ಫೋನು ಡಬ್ಬಿಯಿಂದ ಹೊರಬಂದ ದಿನದ ವಿವರಗಳು ಮಾತ್ರ. ಕೊಂಡವರು ಅದನ್ನು ಮೂರು ನಾಲ್ಕು ವರ್ಷ ಬಳಸಬೇಕಾಗುತ್ತದೆ, ಮತ್ತು ಪ್ರತಿಯೊಂದು ಸೌಲಭ್ಯವೂ ತನ್ನ ಬೆನ್ನಿಗೆ ಬೆಲೆಯನ್ನೋ ಬಿಸಿಯನ್ನೋ ರಿಪೇರಿ ಖರ್ಚನ್ನೋ ಕಟ್ಟಿಕೊಂಡೇ ಬಂದಿರುತ್ತದೆ. ಆದ್ದರಿಂದ ಒಂದು ಫೋನಿನಲ್ಲಿ ಏನೇನಿದೆ ಎಂದು ಎಣಿಸುವುದಕ್ಕಿಂತ, ಮೂರನೆಯ ವರ್ಷದಲ್ಲಿ ಅವುಗಳಲ್ಲಿ ಯಾವುದು ನಮ್ಮ ಕೆಲಸಕ್ಕೆ ಉಳಿದಿರುತ್ತದೆ ಎಂದು ಕೇಳಿಕೊಳ್ಳುವುದು ಹೆಚ್ಚು ಉಪಯುಕ್ತ. ಕೆಳಗಿನ ಕ್ರಮ ಈ ಪ್ರಶ್ನೆಯ ಸುತ್ತಲೇ ಇದೆ.

ಮೊದಲು ಕೈಯಲ್ಲಿರುವ ಫೋನನ್ನು ಪರಿಶೀಲಿಸಿ

ಹೊಸದರ ಗುಣದೋಷ ನೋಡುವ ಮೊದಲು ಹಳೆಯದರ ಬಳಕೆಯನ್ನು ತಿಳಿದುಕೊಳ್ಳಬೇಕು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್, ಬ್ಯಾಟರಿ ಮತ್ತು ಸ್ಟೋರೇಜ್ ವಿಭಾಗಗಳನ್ನು ತೆರೆದರೆ ಯಾವ ಆ್ಯಪ್ ಎಷ್ಟು ಹೊತ್ತು ನಡೆಯಿತು, ಚಾರ್ಜ್ ಯಾವುದಕ್ಕೆ ಖರ್ಚಾಯಿತು, ಜಾಗವನ್ನು ಯಾವುದು ನುಂಗಿದೆ ಎಂಬುದೆಲ್ಲ ಸಿಗುತ್ತದೆ. ಐಫೋನಿನಲ್ಲಿ ಇದೇ ಮಾಹಿತಿ ಸ್ಕ್ರೀನ್ ಟೈಮ್, ಬ್ಯಾಟರಿ ಮತ್ತು ಐಫೋನ್ ಸ್ಟೋರೇಜ್ ಎಂಬಲ್ಲಿದೆ. ಹಲವರಿಗೆ ಅಲ್ಲಿ ಕಾಣುವುದು ವಾಟ್ಸ್ಆ್ಯಪ್, ಯೂಟ್ಯೂಬ್, ಯುಪಿಐ ಮತ್ತು ಕ್ಯಾಮೆರಾ. ಇವುಗಳಿಗೆ ದುಬಾರಿ ಪ್ರೊಸೆಸರ್ ಬೇಕಾಗಿಲ್ಲ.

ಅನಂತರ ಒಂದು ಹಾಳೆಯಲ್ಲಿ ದಿನವೂ ಬೇಕಾದದ್ದು, ವರ್ಷಕ್ಕೆ ಕೆಲವು ಬಾರಿ ಬೇಕಾದರೂ ಆಗ ಕೈಕೊಡಬಾರದ್ದು, ಇಲ್ಲದಿದ್ದರೂ ನಡೆಯುವಂಥದ್ದು ಎಂದು ಮೂರು ಸಾಲು ಬರೆಯಿರಿ. ಎರಡನೆಯ ಸಾಲನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ. ತೀರ್ಥಹಳ್ಳಿಯ ಕಡೆಯ ಅಡಿಕೆ ಬೆಳೆಗಾರರೊಬ್ಬರು ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡುವುದು ಅಥವಾ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ತಮ್ಮ ತಾಕಿನಲ್ಲೇ ನಿಂತು ಫೋಟೊ ಹಾಕುವುದು ವರ್ಷದಲ್ಲಿ ಬೆರಳೆಣಿಕೆಯಷ್ಟು ಸಲ. ಆದರೆ ಆ ಹೊತ್ತಿಗೆ ಮರಗಳ ನೆರಳಿನಲ್ಲಿ ಜಿಪಿಎಸ್ ಪಕ್ಕದವರ ಜಮೀನಿಗೆ ಜಿಗಿಯದಿರುವುದೂ ಬಿಸಿಲಿನಲ್ಲಿ ಪರದೆ ಓದುವಂತಿರುವುದೂ ಅವರಿಗೆ ಮುಖ್ಯ. ಎಲ್1 ಮತ್ತು ಎಲ್5 ಎಂಬ ಎರಡು ತರಂಗಾಂತರಗಳ ಜಿಪಿಎಸ್ ಇರುವ ಫೋನುಗಳು ಈ ಕೆಲಸದಲ್ಲಿ ಸಾಮಾನ್ಯವಾಗಿ ಹೆಚ್ಚು ನಿಖರ. ಅಂಗಡಿಯ ಚೀಟಿಯಲ್ಲಿ ಇದು ಬಹುಮಟ್ಟಿಗೆ ಬರೆದಿರುವುದೇ ಇಲ್ಲ. ತಯಾರಕರ ಜಾಲತಾಣದ ಪೂರ್ಣ ವಿವರಪಟ್ಟಿಯಲ್ಲಿ ಹುಡುಕಬೇಕು.

ಬೆಲೆಯನ್ನು ತಿಂಗಳಿಗೆ ಇಳಿಸಿ

ಎರಡು ಫೋನುಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಬೆಲೆಯನ್ನು ಬಳಕೆಯ ತಿಂಗಳುಗಳಿಂದ ಭಾಗಿಸಿ ನೋಡುವುದು ಒಳ್ಳೆಯದು. 18,000 ರೂಪಾಯಿಯ ಫೋನು ಎರಡೇ ವರ್ಷ ಬಾಳಿದರೆ ತಿಂಗಳಿಗೆ 750 ರೂಪಾಯಿ. 30,000 ರೂಪಾಯಿಯ ಫೋನು ಐದು ವರ್ಷ ಬಾಳಿದರೆ ತಿಂಗಳಿಗೆ 500 ರೂಪಾಯಿ. ಅದೇ 30,000 ರೂಪಾಯಿಯ ಫೋನನ್ನು ಎರಡು ವರ್ಷಕ್ಕೆ ಬದಲಿಸುವವರಿಗೆ ತಿಂಗಳಿಗೆ 1,250 ರೂಪಾಯಿ ಬೀಳುತ್ತದೆ. ಅಂದರೆ ದುಬಾರಿ ಫೋನು ಲಾಭವೋ ನಷ್ಟವೋ ಎಂಬುದು ಫೋನಿನಷ್ಟೇ ಕೊಳ್ಳುವವರ ಸ್ವಭಾವವನ್ನೂ ಅವಲಂಬಿಸಿದೆ. ಈ ಲೆಕ್ಕಕ್ಕೆ ಒಂದು ಬ್ಯಾಟರಿ ಬದಲಾವಣೆಯನ್ನೂ ಒಂದು ಪರದೆ ಬದಲಾವಣೆಯನ್ನೂ ಸೇರಿಸಿಕೊಳ್ಳಿ. ರಿಪೇರಿಯವರು ಕಾಂಬೋ ಎನ್ನುವ ಪರದೆ ಮತ್ತು ಗಾಜಿನ ಜೋಡಿಗೆ ಎಷ್ಟಾಗುತ್ತದೆ ಎಂದು ಅಧಿಕೃತ ಸರ್ವಿಸ್ ಸೆಂಟರಿಗೆ ಕೊಳ್ಳುವ ಮೊದಲೇ ಕರೆ ಮಾಡಿ ಕೇಳಬಹುದು. ಅಂಚು ಬಾಗಿದ ಅಮೋಲೆಡ್ ಪರದೆಯ ಅಂದಕ್ಕೆ ಮನಸೋತವರು ಈ ಮೊತ್ತ ಕೇಳಿದ ಮೇಲೆ ಮತ್ತೊಮ್ಮೆ ಯೋಚಿಸುವುದುಂಟು.

ಕ್ಯಾಮೆರಾ

ಮೆಗಾಪಿಕ್ಸೆಲ್‌ನಷ್ಟು ದಾರಿ ತಪ್ಪಿಸುವ ಅಂಕಿ ಆ ಚೀಟಿಯಲ್ಲಿ ಮತ್ತೊಂದಿಲ್ಲ. 200 ಮೆಗಾಪಿಕ್ಸೆಲ್ ಕ್ಯಾಮೆರಾ ಸಾಮಾನ್ಯ ಬಳಕೆಯಲ್ಲಿ ಅಕ್ಕಪಕ್ಕದ 16 ಬಿಂದುಗಳನ್ನು ಒಂದಾಗಿಸಿ 12.5 ಮೆಗಾಪಿಕ್ಸೆಲ್ ಚಿತ್ರ ಕೊಡುತ್ತದೆ. 50 ಮೆಗಾಪಿಕ್ಸೆಲ್ ಕ್ಯಾಮೆರಾ ನಾಲ್ಕು ಬಿಂದುಗಳನ್ನು ಒಂದಾಗಿಸಿ ಅದೇ 12.5 ಮೆಗಾಪಿಕ್ಸೆಲ್ ಕೊಡುತ್ತದೆ. ಒಳ್ಳೆಯ ಬೆಳಕಿನಲ್ಲಿ ಪೂರ್ಣ 200ರಲ್ಲಿ ತೆಗೆದ ಚಿತ್ರವನ್ನು ಕತ್ತರಿಸಿ ಹಿಗ್ಗಿಸಲು ಹೆಚ್ಚು ಅವಕಾಶವಿದೆ ಎಂಬುದು ನಿಜ, ಆದರೆ ಆಗ ಪ್ರತಿ ಚಿತ್ರದ ಗಾತ್ರವೂ ಹಲವು ಪಟ್ಟು ಹೆಚ್ಚುತ್ತದೆ. ಮನೆಯೊಳಗಿನ ಮಂದ ಬೆಳಕಿನಲ್ಲಿ, ಓಡಾಡುವ ಮಗುವಿನ ಮುಂದೆ ಫಲಿತಾಂಶವನ್ನು ನಿರ್ಧರಿಸುವುದು ಸೆನ್ಸರಿನ ಗಾತ್ರ ಮತ್ತು ಚಿತ್ರವನ್ನು ಸಂಸ್ಕರಿಸುವ ತಂತ್ರಾಂಶ. ಕೈನಡುಕದಿಂದ ಚಿತ್ರ ಕಲಕದಂತೆ ಕಾಯುವುದು ಓಐಎಸ್ ಎಂಬ ಸ್ಥಿರೀಕರಣ ವ್ಯವಸ್ಥೆ. ಇನ್ನು ಬೆನ್ನಿನ ಮೇಲೆ ಮೂರನೆಯದಾಗಿ, ನಾಲ್ಕನೆಯದಾಗಿ ಕೂರುವ 2 ಮೆಗಾಪಿಕ್ಸೆಲ್‌ನ ಮ್ಯಾಕ್ರೋ ಮತ್ತು ಡೆಪ್ತ್ ಕ್ಯಾಮೆರಾಗಳು ಲೆಕ್ಕಕ್ಕುಂಟು, ಆಟಕ್ಕಿಲ್ಲ. ಅವುಗಳಿಗೆ ಅಂಕ ಕೊಡುವುದೇ ಬೇಡ.

ದೊಡ್ಡ ಸೆನ್ಸರಿಗೂ ಒಂದು ದೌರ್ಬಲ್ಯವಿದೆ, ಮತ್ತು ಅದನ್ನು ಅಂಗಡಿಯಲ್ಲೇ ಕಾಣಬಹುದು. ಕೌಂಟರಿನ ಮೇಲೆ ಒಂದು ಬಿಲ್ಲನ್ನೋ ಪಹಣಿಯ ಪ್ರತಿಯನ್ನೋ ಇಟ್ಟು ಹತ್ತಿರದಿಂದ ಫೋಟೊ ತೆಗೆಯಿರಿ. ನಡುವಿನ ಅಕ್ಷರಗಳು ಸ್ಪಷ್ಟವಾಗಿದ್ದು, ಅಂಚಿನ ಸರ್ವೆ ನಂಬರೋ ಮೊತ್ತವೋ ಮಸುಕಾಗಿರುವ ಸಾಧ್ಯತೆ ಇದೆ. ದೊಡ್ಡ ಸೆನ್ಸರಿನ ಮುಖ್ಯ ಕ್ಯಾಮೆರಾ ತೀರಾ ಹತ್ತಿರದ ವಸ್ತುವಿಗೆ ಫೋಕಸ್ ಆಗುವುದಿಲ್ಲ, ಅಲ್ಲದೆ ಅದರ ಸ್ಪಷ್ಟತೆಯ ವ್ಯಾಪ್ತಿಯೂ ಕಿರಿದು. ಸ್ವಲ್ಪ ಹಿಂದೆ ಸರಿದು ಎರಡು ಪಟ್ಟು ಜೂಮ್‌ನಲ್ಲಿ ತೆಗೆದರೆ ಇದು ಸರಿಹೋಗುತ್ತದೆ. ಅಗಲ ನೋಟದ ಅಲ್ಟ್ರಾವೈಡ್ ಕ್ಯಾಮೆರಾಕ್ಕೆ ಆಟೋಫೋಕಸ್ ಇದ್ದರೆ ಹತ್ತಿರದ ಚಿತ್ರಗಳನ್ನು ಅದೇ ಚೆನ್ನಾಗಿ ತೆಗೆಯುತ್ತದೆ. ದಾಖಲೆಗಳ ಫೋಟೊ ತೆಗೆಯುವುದೇ ಮುಖ್ಯ ಕೆಲಸವಾದ ಕಚೇರಿ ಸಿಬ್ಬಂದಿಗೆ ಸಾಧಾರಣ ಸೆನ್ಸರಿನ ಅಗ್ಗದ ಫೋನೇ ಕೆಲವೊಮ್ಮೆ ಹೆಚ್ಚು ಅನುಕೂಲ.

ಬ್ಯಾಟರಿ ಮತ್ತು ವೇಗದ ಚಾರ್ಜಿಂಗ್

ಮಳೆಗಾಲದಲ್ಲಿ ಕರೆಂಟು ಬಂದ ಅರ್ಧ ಗಂಟೆಯಲ್ಲಿ ಫೋನು ತುಂಬಿಕೊಳ್ಳಬೇಕಾದ ಮಲೆನಾಡಿನ ಮನೆಗೆ 90 ವ್ಯಾಟ್ ಚಾರ್ಜಿಂಗ್ ನಿಜವಾದ ವರ. ರಾತ್ರಿಯೆಲ್ಲ ಪ್ಲಗ್ಗಿಗೆ ಹಾಕಿ ಮಲಗುವವರಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಅಲ್ಲದೆ ಈ ವೇಗ ಬಹುತೇಕ ಕಂಪನಿಯದೇ ಚಾರ್ಜರ್ ಮತ್ತು ಕೇಬಲ್ ಇದ್ದರೆ ಮಾತ್ರ ಸಿಗುತ್ತದೆ. ಬೇರೆ ಟೈಪ್-ಸಿ ಚಾರ್ಜರಿಗೆ ಹಾಕಿದರೆ ಅದೇ ಫೋನು ಸಾಧಾರಣ ವೇಗಕ್ಕೆ ಇಳಿಯುತ್ತದೆ. ಡಬ್ಬಿಯಲ್ಲಿ ಚಾರ್ಜರ್ ಇದೆಯೇ ಎಂಬುದನ್ನೂ ಕೇಳಬೇಕು.

ಲಿಥಿಯಂ ಬ್ಯಾಟರಿಗೆ ಬಿಸಿ ಶತ್ರು. ಆ್ಯಪಲ್ ತನ್ನ ಐಫೋನುಗಳನ್ನು ಬಳಸಲು ಹೇಳಿರುವ ವಾತಾವರಣದ ಉಷ್ಣತೆ 0ಯಿಂದ 35 ಡಿಗ್ರಿ. ಕಲಬುರಗಿ, ರಾಯಚೂರುಗಳ ಬೇಸಿಗೆ 40 ದಾಟುತ್ತದೆ. ಅಂಥ ಮಧ್ಯಾಹ್ನ ಯಾವ ಕಂಪನಿಯ ಫೋನಾದರೂ ಚಾರ್ಜಿಂಗ್ ನಿಧಾನಗೊಳಿಸುವುದು, ಪರದೆಯ ಬೆಳಕು ತಗ್ಗಿಸುವುದು ಸಹಜ. ಶಕ್ತಿಶಾಲಿ ಪ್ರೊಸೆಸರ್ ಇದ್ದಷ್ಟೂ ಬಿಸಿಯೂ ಹೆಚ್ಚು, ಆಗ ಅದೇ ಶಕ್ತಿಯನ್ನು ಫೋನು ತಾನಾಗಿ ಹಿಂದೆಗೆದುಕೊಳ್ಳುತ್ತದೆ.

ಬ್ಯಾಟರಿ ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಚಾರ್ಜ್ ಸುತ್ತುಗಳಲ್ಲಿ ಹೇಳುತ್ತಾರೆ; ಪೂರ್ಣ ಸಾಮರ್ಥ್ಯದಷ್ಟು ಚಾರ್ಜ್ ಖರ್ಚಾದರೆ ಒಂದು ಸುತ್ತು. ಐಫೋನ್ 14 ಮತ್ತು ಅದಕ್ಕಿಂತ ಹಿಂದಿನವು 500 ಸುತ್ತುಗಳ ನಂತರ, ಐಫೋನ್ 15ರಿಂದ ಮುಂದಿನವು 1,000 ಸುತ್ತುಗಳ ನಂತರ ಮೂಲ ಸಾಮರ್ಥ್ಯದ ಶೇ 80ರಷ್ಟನ್ನು ಉಳಿಸಿಕೊಳ್ಳುವಂತೆ ರೂಪಿಸಲಾಗಿದೆ ಎಂದು ಆ್ಯಪಲ್ ಹೇಳಿದೆ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನುಗಳು ಕನಿಷ್ಠ 800 ಸುತ್ತುಗಳ ನಂತರವೂ ಶೇ 80 ಉಳಿಸಿಕೊಳ್ಳಬೇಕೆಂಬ ನಿಯಮವಿದೆ. ಬ್ಯಾಟರಿಯ ಸುತ್ತುಗಳು, ಬಿದ್ದರೆ ತಡೆಯುವ ಶಕ್ತಿ, ರಿಪೇರಿಯ ಸುಲಭತೆ ಇವೆಲ್ಲವೂ ಅಲ್ಲಿನ ಲೇಬಲ್ಲಿನಲ್ಲಿ ಮುದ್ರಿತವಾಗಿರುತ್ತವೆ. ನೀವು ನೋಡುತ್ತಿರುವ ಮಾದರಿ ಅಲ್ಲಿಯೂ ಮಾರಾಟವಾಗುತ್ತಿದ್ದರೆ ಆ ಲೇಬಲ್ ಅಂತರಜಾಲದಲ್ಲಿ ಸಿಗುತ್ತದೆ, ಮತ್ತು ಅದು ಇಲ್ಲಿಯ ಜಾಹೀರಾತಿಗಿಂತ ಹೆಚ್ಚು ಮಾಹಿತಿ ಕೊಡುತ್ತದೆ. ಒಂದೇ ಹೆಸರಿನ ಫೋನಿಗೆ ಎರಡು ಕಡೆ ಬೇರೆ ಬೇರೆ ಬ್ಯಾಟರಿ ಇರುವುದುಂಟು, ಅದನ್ನು ಹೋಲಿಸಿ ನೋಡಿಕೊಳ್ಳಿ.

ರ್‍ಯಾಮ್, ನೀರು, ನೆಟ್‌ವರ್ಕ್

16 ಜಿಬಿ ರ್‍ಯಾಮ್ ಎಂದು ಬರೆದಲ್ಲಿ 8+8 ಎಂದಿದ್ದರೆ ಎರಡನೆಯ ಎಂಟು ನಿಜವಾದ ರ್‍ಯಾಮ್ ಅಲ್ಲ, ಸ್ಟೋರೇಜಿನಿಂದ ಎರವಲು ಪಡೆದ, ಅದಕ್ಕಿಂತ ಬಹಳ ನಿಧಾನವಾದ ಜಾಗ. ಫೋನು ತಡವರಿಸದಿರಲು ಸ್ಟೋರೇಜಿನ ಬಗೆಯೂ ಅಷ್ಟೇ ಮುಖ್ಯ. ನಿಧಾನವಾದ ಇಎಂಎಂಸಿ ಬಗೆ ಇರುವುದನ್ನು ಬಿಟ್ಟು, ವೇಗದ ಯುಎಫ್ಎಸ್ ಬಗೆ ಇರುವುದನ್ನು ಆರಿಸಿ. ಐಪಿ67 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆದೀತು ಎಂದರ್ಥ. ಆದರೆ ಅದು ಹೊಸ ಫೋನಿನ ಮೇಲೆ ಸಿಹಿನೀರಿನಲ್ಲಿ ನಡೆಸಿದ ಪರೀಕ್ಷೆ. ನೀರಿನಿಂದಾದ ಹಾನಿಗೆ ವಾರಂಟಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಮತ್ತು ಒಮ್ಮೆ ಬಿಚ್ಚಿ ರಿಪೇರಿ ಮಾಡಿದ ಫೋನಿನಲ್ಲಿ ಆ ಭದ್ರತೆ ಮೊದಲಿನಂತೆ ಇರುತ್ತದೆಂದು ನಂಬಲಾಗದು. 5ಜಿ ಎಂಬ ಪದಕ್ಕಿಂತ ಅದರ ಬ್ಯಾಂಡುಗಳನ್ನು, ಅಂದರೆ ಸಿಗ್ನಲ್ ಬರುವ ತರಂಗಪಟ್ಟಿಗಳನ್ನು ನೋಡಬೇಕು. ಎನ್78 ಹೆಚ್ಚು ಕಡೆ ಬಳಕೆಯಲ್ಲಿದೆ. ಜಿಯೋ ಬಳಸುವ 700 ಮೆಗಾಹರ್ಟ್ಸ್‌ನ ಎನ್28 ಹೆಚ್ಚು ದೂರಕ್ಕೂ ಗೋಡೆಗಳ ಒಳಕ್ಕೂ ತಲುಪುತ್ತದೆ, ಆದ್ದರಿಂದ ಟವರ್ ದೂರವಿರುವ ಊರಿನವರು ಅದು ಇರುವುದನ್ನು ಖಚಿತಪಡಿಸಿಕೊಳ್ಳಲಿ.

ತಂತ್ರಾಂಶದ ಆಯುಷ್ಯ

ಫೋನಿನ ಬಲಾಬಲದಲ್ಲಿ ನನ್ನ ತಕ್ಕಡಿಯಲ್ಲಿ ಅತ್ಯಂತ ಭಾರವಾಗಿ ತೂಗುವುದು ಇದೇ. ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷಗಳ ಅಪ್‌ಡೇಟ್ ಘೋಷಿಸಿದವು; ಅಗ್ಗದ ಫೋನುಗಳಲ್ಲಿ ಈ ಅವಧಿ ಬಹಳ ಕಡಿಮೆ ಇರಬಹುದು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ವರ್ಷಗಳನ್ನು ಸಾಮಾನ್ಯವಾಗಿ ಎಣಿಸುವುದು ಫೋನು ಮಾರುಕಟ್ಟೆಗೆ ಬಂದ ದಿನದಿಂದಲೇ ಹೊರತು ನೀವು ಕೊಂಡ ದಿನದಿಂದಲ್ಲ. ನಾಲ್ಕು ವರ್ಷಗಳ ಭದ್ರತಾ ಅಪ್‌ಡೇಟ್ ಇರುವ ಫೋನನ್ನು ಒಂದೂವರೆ ವರ್ಷದ ನಂತರ ದಸರಾ ರಿಯಾಯಿತಿಯಲ್ಲಿ ಕೊಂಡರೆ ನಿಮಗೆ ಸಿಗುವುದು ಎರಡೂವರೆ ವರ್ಷ. ಅಪ್‌ಡೇಟ್ ನಿಂತ ಮೇಲೆ ಫೋನು ಓಡುತ್ತಲೇ ಇರುತ್ತದೆ, ಆದರೆ ಹಳೆಯ ಆಂಡ್ರಾಯ್ಡ್ ಆವೃತ್ತಿಗಳನ್ನು ಬ್ಯಾಂಕಿಂಗ್ ಆ್ಯಪ್‌ಗಳು ಒಂದೊಂದಾಗಿ ಕೈಬಿಡುತ್ತವೆ, ಹೊಸದಾಗಿ ಪತ್ತೆಯಾದ ಭದ್ರತಾ ದೋಷಗಳು ಮುಚ್ಚದೆ ಉಳಿಯುತ್ತವೆ.

ಎಲ್ಲವೂ ಒಂದೇ ಕಡೆ ಇರುವ ತೊಂದರೆ

ಬ್ಯಾಂಕು, ಒಟಿಪಿ ಬರುವ ಸಿಮ್, ಡಿಜಿಲಾಕರ್, ಮನೆಯವರ ಫೋಟೊಗಳು ಒಂದೇ ಸಾಧನದಲ್ಲಿ ಸೇರಿರುವುದು ಇಂಥ ಫೋನಿನ ದೊಡ್ಡ ಅನುಕೂಲವೂ ಹೌದು, ದೊಡ್ಡ ಅಪಾಯವೂ ಹೌದು. ಬ್ಯಾಂಕಿಗೆ ಜೋಡಿಸಿದ ಸಿಮ್ಮನ್ನು ಒಂದು ಕೀಪ್ಯಾಡ್ ಫೋನಿನಲ್ಲಿ ಹಾಕಿ ಮನೆಯಲ್ಲಿಟ್ಟುಕೊಳ್ಳುವ ಹಿರಿಯರನ್ನು ಹಳಬರೆಂದು ನಗುವ ಅಗತ್ಯವಿಲ್ಲ. ಇಂಟರ್ನೆಟ್ ಇಲ್ಲದ ಅಂಥ ಫೋನುಗಳಲ್ಲಿಯೂ ಹಣ ಕಳಿಸಲು 2022ರ ಮಾರ್ಚ್‌ನಿಂದ ಯುಪಿಐ 123ಪೇ ಇದೆ. ಒಂದೇ ಫೋನು ಸಾಕೆನ್ನುವವರು ಸಿಮ್‌ಗೆ ಪಿನ್ ಹಾಕಿ, ಫೋಟೊಗಳ ಪ್ರತಿಯನ್ನು ಬೇರೆಡೆ ಇಟ್ಟು, ಫೋನು ಕಳೆದುಹೋದರೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಅದನ್ನು ನಿರ್ಬಂಧಿಸುವ ಕ್ರಮವನ್ನು ಮೊದಲೇ ತಿಳಿದಿರಬೇಕು.

ಅಂಗಡಿಯಲ್ಲಿ ಮಾಡಬೇಕಾದದ್ದು

ಪ್ರದರ್ಶನಕ್ಕಿಟ್ಟ ಫೋನನ್ನು ಕೈಗೆ ತೆಗೆದುಕೊಂಡು, ಆಗುವುದಾದರೆ ಅಂಗಡಿಯ ಹೊರಗಿನ ಬಿಸಿಲಿಗೆ ಬಂದು ಪರದೆ ಓದಿ ನೋಡಿ. ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳು ಮೇಲಿನ ಮೂಲೆಗೆ ಮುಟ್ಟುವುದೇ, ತೂಕ ಭಾರವೆನಿಸುವುದೇ ಎಂದು ಗಮನಿಸಿ. 200 ಗ್ರಾಮ್ ದಾಟಿದ ಫೋನು ಅಂಗಡಿಯಲ್ಲಿ ಹಗುರವೆನಿಸಿದರೂ ಮಲಗಿ ಓದುವಾಗ ಮಣಿಕಟ್ಟಿಗೆ ಗೊತ್ತಾಗುತ್ತದೆ. ಕೀಬೋರ್ಡನ್ನು ಕನ್ನಡಕ್ಕೆ ಬದಲಿಸಿ ಸ್ತ್ರೀ, ಅರ್ಜಿ, ವೈಶಿಷ್ಟ್ಯ ಮುಂತಾದ ಒತ್ತಕ್ಷರದ ಪದಗಳನ್ನು ಬರೆದು, ಅವು ಸರಿಯಾಗಿ ಮೂಡುತ್ತವೆಯೇ, ಧ್ವನಿ ಟೈಪಿಂಗ್ ನಿಮ್ಮ ಕಡೆಯ ಮಾತನ್ನು ಹಿಡಿಯುತ್ತದೆಯೇ ಎಂದು ಪರೀಕ್ಷಿಸಿ. *#07# ಒತ್ತಿದರೆ ಹಲವು ಫೋನುಗಳಲ್ಲಿ ಎಸ್ಎಆರ್ ಮೌಲ್ಯ, ಅಂದರೆ ದೇಹ ಹೀರಿಕೊಳ್ಳುವ ವಿಕಿರಣದ ಪ್ರಮಾಣ ಕಾಣುತ್ತದೆ. ಭಾರತದಲ್ಲಿ ಅದರ ಮಿತಿ ಕಿಲೋಗ್ರಾಮಿಗೆ 1.6 ವ್ಯಾಟ್. ಲಾಕ್ ಪರದೆಯ ಮೇಲೆ ಜಾಹೀರಾತು ಬರುತ್ತಿದ್ದರೆ ಅದನ್ನು ನಿಲ್ಲಿಸುವ ದಾರಿಯನ್ನು ಮಾರುವವರಿಂದಲೇ ತೋರಿಸಿಕೊಳ್ಳಿ, ಮತ್ತು ಬೇಡದ ಆ್ಯಪ್‌ಗಳು ಅಳಿಸಲು ಬರುತ್ತವೆಯೇ ಎಂದು ನೋಡಿ.

ಹಣ ಕೊಡುವ ಮೊದಲು *#06# ಒತ್ತಿ ಬರುವ, ಪ್ರತಿ ಫೋನಿಗೂ ಪ್ರತ್ಯೇಕವಾಗಿರುವ ಐಎಂಇಐ ಸಂಖ್ಯೆ ಡಬ್ಬಿಯ ಮೇಲೂ ಬಿಲ್ಲಿನಲ್ಲೂ ಒಂದೇ ಆಗಿದೆಯೇ ಎಂದು ಹೋಲಿಸಿ. ಹಳೆಯ ಫೋನು ಕೊಳ್ಳುವವರಂತೂ ಇಂಗ್ಲಿಷಿನಲ್ಲಿ ಕೆವೈಎಂ ಎಂದು ಬರೆದು, ಒಂದು ಜಾಗ ಬಿಟ್ಟು, ಆ ಸಂಖ್ಯೆಯನ್ನು ಸೇರಿಸಿ 14422ಕ್ಕೆ ಸಂದೇಶ ಕಳಿಸಬೇಕು. ಫೋನು ಕಳವಿನದೆಂದು ನಿರ್ಬಂಧಿತವಾಗಿದ್ದರೆ ಉತ್ತರದಲ್ಲಿ ತಿಳಿಯುತ್ತದೆ. ಬದಲಿ ಅಥವಾ ವಾಪಸಾತಿಗೆ ಎಷ್ಟು ದಿನ ಇದೆ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಂಡು, ಆ ದಿನಗಳೊಳಗೆ ಎರಡೂ ಸಿಮ್, ಬ್ಲೂಟೂತ್, ಜಿಪಿಎಸ್, ಮತ್ತು ನಿಮ್ಮ ಹಾಳೆಯ ಎರಡನೆಯ ಸಾಲಿನಲ್ಲಿ ಬರೆದ ಪ್ರತಿಯೊಂದು ಕೆಲಸವನ್ನೂ ಒಮ್ಮೆಯಾದರೂ ಮಾಡಿ ನೋಡಿ.