ಲಿವರ್ ಕ್ಯಾನ್ಸರ್ ಮತ್ತೆ ಬರುತ್ತಾ? ರಕ್ತದ ಡಿಎನ್‌ಎ ನೋಡುವ ಕೆಲಸದಲ್ಲಿ ನನ್ನ ಅನುಭವ

ಲಿವರ್ ಕ್ಯಾನ್ಸರ್ ಗಡ್ಡೆಯನ್ನು ಆಪರೇಷನ್ ಮಾಡಿ ಪೂರ್ತಿ ತೆಗೆದ ಮೇಲೂ 5 ವರ್ಷದೊಳಗೆ ನೂರರಲ್ಲಿ 70 ಜನರವರೆಗೂ ಅದು ಮತ್ತೆ ಬರುತ್ತದೆ. ಯಾರಿಗೆ ಬರಬಹುದು, ಯಾರ ಮೇಲೆ ಹೆಚ್ಚು ಕಣ್ಣಿಡಬೇಕು ಅನ್ನುವುದಕ್ಕೆ ರಕ್ತದಲ್ಲಿ ಸುಳಿವು ಹುಡುಕುವುದು ನನ್ನ ಕೆಲಸ. ನಾನು ಡಾಕ್ಟರ್ ಅಲ್ಲ, ಲ್ಯಾಬಿನವನು. ರೋಗಿಗಿಂತ ಮೊದಲು ಅವರ ರಕ್ತದ ಟ್ಯೂಬೇ ನನಗೆ ಪರಿಚಯವಾಗುವುದು.

ಹಳೆಯ ಪರೀಕ್ಷೆ ಒಂದಿದೆ, ಎಎಫ್‌ಪಿ: ಲಿವರ್ ಕ್ಯಾನ್ಸರ್‌ನಲ್ಲಿ ರಕ್ತದಲ್ಲಿ ಏರುವ ಒಂದು ಪ್ರೋಟೀನನ್ನು ಅಳೆಯುವುದು. ಅಗ್ಗ, ಎಲ್ಲ ಕಡೆ ಸಿಗುತ್ತದೆ. ಆದರೆ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಗಡ್ಡೆ ಇದ್ದರೂ ಅದು ಏರುವುದಿಲ್ಲ. ಹೆಪಟೈಟಿಸ್ ಜೋರಾದಾಗ ಕ್ಯಾನ್ಸರ್ ಇಲ್ಲದಿದ್ದರೂ ಏರಿ ಗಾಬರಿ ಹುಟ್ಟಿಸುತ್ತದೆ. ಅದಕ್ಕೇ ಡಿಎನ್‌ಎ ಕಡೆ ನೋಡುತ್ತೇವೆ. ಸತ್ತ ಜೀವಕೋಶಗಳ ಡಿಎನ್‌ಎ ತುಂಡುಗಳು ಎಲ್ಲರ ರಕ್ತದಲ್ಲೂ ತೇಲುತ್ತಿರುತ್ತವೆ. 1948ರಲ್ಲೇ ಇದು ಗೊತ್ತಾಗಿತ್ತು. ಒಂದೊಂದು ತುಂಡು ಸುಮಾರು 166 ಅಕ್ಷರದಷ್ಟು ಉದ್ದ. ಗಡ್ಡೆಯಿಂದ ಬಂದವು ಸಾಮಾನ್ಯವಾಗಿ ಇನ್ನೂ ಸ್ವಲ್ಪ ಗಿಡ್ಡ. ರಕ್ತಕ್ಕೆ ಬಂದ ಮೇಲೆ ಇವುಗಳ ಆಯಸ್ಸು ಕೆಲವೇ ಗಂಟೆ. ಆದ್ದರಿಂದ ಇವತ್ತಿನ ಟ್ಯೂಬಿನಲ್ಲಿ ಕಾಣುವುದು ಇವತ್ತಿನ ಸ್ಥಿತಿ.

ಮಷೀನು ಆಮೇಲಿನ ಮಾತು. ಫಲಿತಾಂಶ ಒಳ್ಳೆಯದೋ ಕೆಟ್ಟದೋ ಅನ್ನುವುದು ರಕ್ತ ತೆಗೆದ ಮೊದಲ ಕೆಲವು ಗಂಟೆಗಳಲ್ಲೇ ತೀರ್ಮಾನ ಆಗಿಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ರಕ್ತ ಸುಮ್ನೆ ಇಟ್ಟರೆ ಬಿಳಿ ರಕ್ತಕಣಗಳು ಒಡೆದು ತಮ್ಮ ಡಿಎನ್‌ಎಯನ್ನು ಪ್ಲಾಸ್ಮಾಕ್ಕೆ, ಅಂದರೆ ರಕ್ತದ ದ್ರವ ಭಾಗಕ್ಕೆ, ಸುರಿಯುತ್ತವೆ. ಗಡ್ಡೆಯ ನಾಲ್ಕು ತುಂಡು ಆ ರಾಶಿಯಲ್ಲಿ ಮುಚ್ಚಿಹೋಗುತ್ತವೆ. ಹೆಪ್ಪುಗಟ್ಟಿಸಿ ತೆಗೆದ ಸೀರಮ್ ಬೇಡ ಅನ್ನುವುದೂ ಇದೇ ಕಾರಣಕ್ಕೆ. ಇಡಿಟಿಎ ಆದರೆ ಎರಡು, ತಪ್ಪಿದರೆ ನಾಲ್ಕು ಗಂಟೆಯೊಳಗೆ ಪ್ಲಾಸ್ಮಾ ಬೇರೆ ಮಾಡುತ್ತೇನೆ. ಬೇರೆ ಊರಿಂದ ಬರುವ ಸ್ಯಾಂಪಲ್‌ಗೆ ಬಿಳಿ ಕಣ ಒಡೆಯದಂತೆ ತಡೆಯುವ ವಿಶೇಷ ಟ್ಯೂಬ್ ಕಳಿಸುತ್ತೇವೆ. ಅದರ ಬೆಲೆ ಜಾಸ್ತಿ, ಆದರೆ ಕೊರಿಯರ್‌ನಲ್ಲಿ ರಾತ್ರಿ ಕಳೆಯುವ ರಕ್ತಕ್ಕೆ ಅದೇ ಸರಿ.

ಮೊದಲ ಸುತ್ತು ಸೆಂಟ್ರಿಫ್ಯೂಜ್ 1,600 ಜಿ ಬಲದಲ್ಲಿ (ಅಂದರೆ ಭೂಮಿಯ ಗುರುತ್ವದ 1,600 ಪಟ್ಟು), 10 ನಿಮಿಷ. ಟ್ಯೂಬ್ ತೆಗೆದಾಗ ಅಡಿಯಲ್ಲಿ ಕೆಂಪು, ನಡುವೆ ಬಿಳಿ ಕಣಗಳ ತೆಳು ಪದರ, ಮೇಲೆ ಹಳದಿ ಪ್ಲಾಸ್ಮಾ. ಕಾಮಾಲೆ ಇರುವ ರೋಗಿಯದ್ದಾದರೆ ಗಾಢ ಹಳದಿ. ಬೇಳೆ ಕಟ್ಟಿನ ತಿಳಿ ಬಸಿಯುವ ಹಾಗೆ, ಕೆಳಗಿನದು ಕದಡದಂತೆ ಪಿಪೆಟ್‌ನಲ್ಲಿ ಮೇಲಿನದನ್ನು ಎಳೆಯಬೇಕು. ಬಿಳಿ ಪದರದ ಮೇಲೆ ಅರ್ಧ ಸೆಂಟಿಮೀಟರ್ ಪ್ಲಾಸ್ಮಾ ಬಿಟ್ಟುಬಿಡುತ್ತೇನೆ. ಹೊಸದಾಗಿ ಸೇರಿದವರಿಗೆ ಅದನ್ನು ಬಿಡಲು ಮನಸ್ಸೇ ಬರುವುದಿಲ್ಲ. ಬಿಡಿ, ಅದು ನಷ್ಟ ಅಲ್ಲ. ಆಮೇಲೆ 16,000 ಜಿ ಬಲದಲ್ಲಿ ಇನ್ನೊಂದು ಸುತ್ತು, ಉಳಿದ ಕಣಗಳೂ ಕೆಳಗೆ ಕೂರುತ್ತವೆ. ಪ್ಲಾಸ್ಮಾ ಮೈನಸ್ 80 ಡಿಗ್ರಿ ಫ್ರೀಜರ್‌ಗೆ. ಬಿಳಿ ಕಣಗಳ ಪದರವನ್ನೂ ಎಸೆಯದೆ ಬೇರೆ ಟ್ಯೂಬಿನಲ್ಲಿ ಇಡುತ್ತೇನೆ. ವಯಸ್ಸಾದವರ ರಕ್ತಕಣಗಳಲ್ಲೇ ಟಿಪಿ53ಯಂಥ, ಕ್ಯಾನ್ಸರ್‌ಗೆ ಸಂಬಂಧಿಸಿದ ಜೀನ್‌ಗಳಲ್ಲಿ ಬದಲಾವಣೆ ಇರಬಹುದು. ಎರಡನ್ನೂ ಹೋಲಿಸದೆ ಇದು ಗಡ್ಡೆಯದ್ದೇ ಅನ್ನಲಾಗದು.

ಇನ್ನು ಲೆಕ್ಕ. ಈ ಲೆಕ್ಕ ಗೊತ್ತಿಲ್ಲದೆ ರಿಪೋರ್ಟ್ ಓದಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. 1 ನ್ಯಾನೋಗ್ರಾಂ ಡಿಎನ್‌ಎಯಲ್ಲಿ ಒಂದು ಜೀನಿನ ಸುಮಾರು 300 ಪ್ರತಿಗಳಿರುತ್ತವೆ. 4 ಎಂಎಲ್ ಪ್ಲಾಸ್ಮಾದಿಂದ 20 ನ್ಯಾನೋಗ್ರಾಂ ಸಿಕ್ಕಿತು ಅನ್ನಿ, 6,000 ಪ್ರತಿ ಆಯಿತು. ಸಾವಿರದಲ್ಲಿ ಒಂದು ಗಡ್ಡೆಯದ್ದಾದರೆ ನಮ್ಮ ಕೈಗೆ ಸಿಗುವುದು ಬರೀ 6. ಅದೇ 1 ಎಂಎಲ್ ಪ್ಲಾಸ್ಮಾ ಆದರೆ ಒಂದೋ ಎರಡೋ, ಕೆಲವು ಸಲ ಸೊನ್ನೆ. ರೋಗ ಇದ್ದೂ 'ಕಂಡುಬಂದಿಲ್ಲ' ಅಂತ ಬರುವುದು ಹೀಗೆ. ಅದಕ್ಕೇ ರಕ್ತ ಸ್ವಲ್ಪ ಜಾಸ್ತಿ ಕೊಡಿ ಅಂತ ವಾರ್ಡಿನ ಸಿಸ್ಟರ್‌ಗಳನ್ನು ಪೀಡಿಸುತ್ತಿರುತ್ತೇನೆ. ಒಟ್ಟು ಡಿಎನ್‌ಎ ಜಾಸ್ತಿ ಇದ್ದರೆ ರೋಗ ಜಾಸ್ತಿ ಅನ್ನುವ ಹಾಗೂ ಇಲ್ಲ. ಸಿರೋಸಿಸ್ ಇರುವ, ಅಂದರೆ ಕಲೆಗಟ್ಟಿ ಗಟ್ಟಿಯಾದ ಲಿವರ್‌ನಲ್ಲಿ ಸಾಮಾನ್ಯ ಕೋಶಗಳೂ ಸಾಯುತ್ತಲೇ ಇರುತ್ತವೆ.

ಯಾವ ಗುರುತು ಹುಡುಕಬೇಕು? ಲಿವರ್ ಕ್ಯಾನ್ಸರ್‌ನಲ್ಲಿ ಅತಿ ಹೆಚ್ಚು ಕಾಣುವುದು ಟರ್ಟ್ ಜೀನಿನ ಪ್ರಮೋಟರ್ ಭಾಗದ (ಜೀನನ್ನು ಚಾಲೂ ಮಾಡುವ ಸ್ವಿಚ್ ಇದ್ದಂತೆ) ಸಿ228ಟಿ ಬದಲಾವಣೆ, ಅಂದರೆ ಅಲ್ಲಿ ಒಂದು ಸಿ ಅಕ್ಷರ ಟಿ ಆಗಿರುವುದು. ಜೊತೆಗೆ ಟಿಪಿ53, ಸಿಟಿಎನ್‌ಎನ್‌ಬಿ1 ಜೀನ್‌ಗಳ ಬದಲಾವಣೆಗಳು. ಟಿಪಿ53ಯ 249ನೇ ಜಾಗದ ಬದಲಾವಣೆ ಅಫ್ಲಾಟಾಕ್ಸಿನ್‌ನ ಸಹಿ ಇದ್ದಂತೆ. ಬೂಸ್ಟು ಹಿಡಿದ ಕಡಲೆಕಾಯಿ, ಮೆಕ್ಕೆಜೋಳದಲ್ಲಿ ಬರುವ ವಿಷ ಅದು. ಗ್ಯಾಂಬಿಯಾ ಮತ್ತು ಚೀನಾದ ಚಿಡಾಂಗ್ ಕಡೆಯ ರೋಗಿಗಳಲ್ಲಿ ಇದು ಚೆನ್ನಾಗಿ ದಾಖಲಾಗಿದೆ. ನಾನು ಗಡ್ಡೆಯ ಚೂರು ಸಿಕ್ಕರೆ ಮೊದಲು ಅದನ್ನೇ ನೋಡುತ್ತೇನೆ. ಅಲ್ಲಿ ಏನಿದೆಯೋ ಅದನ್ನೇ ರಕ್ತದಲ್ಲಿ ಹುಡುಕುವುದು. ಹೆಪಟೈಟಿಸ್ ಬಿ ವೈರಸ್ ಟರ್ಟ್ ಪಕ್ಕದಲ್ಲೇ ತನ್ನ ಡಿಎನ್‌ಎ ಸೇರಿಸಿಬಿಟ್ಟಿರುವ ಗಡ್ಡೆಗಳೂ ಇವೆ. ಅಂಥ ಕಡೆ ಸಿ228ಟಿ ಹುಡುಕಿ ಸಾಮಾನ್ಯವಾಗಿ ಪ್ರಯೋಜನ ಇರುವುದಿಲ್ಲ.

ಹುಡುಕುವ ಡಿಎನ್‌ಎ ತುಂಡನ್ನು ನಕಲು ಮಾಡಿ ಹೆಚ್ಚಿಸಿ ಎಣಿಸುವ ಡಿಜಿಟಲ್ ಪಿಸಿಆರ್ ಒಂದು ಸ್ಯಾಂಪಲ್ಲನ್ನು ಸುಮಾರು 20,000 ಹನಿಗಳಾಗಿ ಒಡೆದು ಒಂದೊಂದನ್ನೂ ಓದುತ್ತದೆ. ಪರದೆಯ ಮೇಲೆ ಕೆಳಗೆ ಬೂದು ಚುಕ್ಕಿಗಳ ದಟ್ಟ ಪಟ್ಟಿ, ಗಡ್ಡೆಯದ್ದಿದ್ದರೆ ಮೇಲೆ ಅಲ್ಲೊಂದು ಇಲ್ಲೊಂದು ನೀಲಿ ಚುಕ್ಕಿ. ಟರ್ಟ್ ಪ್ರಮೋಟರ್ ಮಾತ್ರ ಬಗ್ಗುವುದಿಲ್ಲ. ಅಲ್ಲಿ ಜಿ, ಸಿ ಅಕ್ಷರಗಳೇ ತುಂಬಿ ಡಿಎನ್‌ಎ ಮಡಚಿಕೊಳ್ಳುತ್ತದೆ. ಆ ಮಡಿಕೆ ಸಡಿಲಿಸುವ ಡಿಯಾಜಾ ಡಿಜಿಟಿಪಿ ಅನ್ನುವ ರಾಸಾಯನಿಕ ಸೇರಿಸಿ ತಾಪಮಾನ ಹೊಂದಿಸಿದ ಮೇಲೆಯೇ ಬೂದು, ನೀಲಿ ಎರಡು ಗುಂಪು ಬಿಡಿಬಿಡಿಯಾಗಿ ನಿಂತವು. ಒಂದೆರಡು ಚುಕ್ಕಿ ಕಂಡರೆ ಮತ್ತೆ ಓಡಿಸಿ ನೋಡುತ್ತೇನೆ. ಕ್ಯಾನ್ಸರ್ ಇಲ್ಲದವರ ಪ್ಲಾಸ್ಮಾ ಪ್ರತಿ ಸಲ ಪಕ್ಕದಲ್ಲಿ ಇರಲೇಬೇಕು.

ಒಂದೇ ಒಂದು ಸ್ಯಾಂಪಲ್ ನೋಡಿ ಭವಿಷ್ಯ ಹೇಳಲು ನಾನು ಒಪ್ಪುವುದಿಲ್ಲ. ಆಪರೇಷನ್‌ಗೆ ಮುಂಚೆ ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಕಂಡವರಲ್ಲಿ ಸಣ್ಣ ರಕ್ತನಾಳಗಳಿಗೆ ರೋಗ ಹೊಕ್ಕಿರುವುದು, ಮತ್ತೆ ಬರುವುದು ಜಾಸ್ತಿ ಅಂತ ಹಲವು ಅಧ್ಯಯನಗಳು ತೋರಿಸಿವೆ, ನಿಜ. ಆದರೆ ನಿಜವಾದ ಮಾಹಿತಿ ಸಾಲಿನಲ್ಲಿದೆ: ಮುಂಚೆ ಎಷ್ಟು, ಆಮೇಲೆ ಎಷ್ಟು, ಸ್ಕ್ಯಾನ್ ಹೊತ್ತಿಗೆ ಎಷ್ಟು. ಆಪರೇಷನ್ ಆದ ತಕ್ಷಣದ ರಕ್ತ ಬೇಡ. ಗಾಯದಿಂದ, ಬೆಳೆಯುತ್ತಿರುವ ಲಿವರ್‌ನಿಂದ ಸಾಮಾನ್ಯ ಡಿಎನ್‌ಎ ತುಂಬಿರುತ್ತದೆ. ಕೆಲವು ವಾರ ಬಿಟ್ಟು ತೆಗೆಸುತ್ತೇವೆ.

ಒಬ್ಬ ರೋಗಿಯದು ನೆನಪಿದೆ. ಎಎಫ್‌ಪಿ ಎಂದೂ ಏರಿರಲಿಲ್ಲ. ಆಪರೇಷನ್ ಆದ ಮೇಲೆ ಸಿ228ಟಿ ಮಾಯವಾಗಿತ್ತು. ಮುಂದೊಂದು ಭೇಟಿಯಲ್ಲಿ ನೀಲಿ ಚುಕ್ಕಿಗಳು ಮತ್ತೆ ಕಂಡವು. ಮತ್ತೆ ಓಡಿಸಿದರೂ ಅದೇ. ಡಾಕ್ಟರ್ ಎಂಆರ್‌ಐ ಬೇಗ ಮಾಡಿಸಿದರು. ಸಣ್ಣ ಗಡ್ಡೆ ಇತ್ತು, ಸೂಜಿಯಿಂದ ಸುಡುವ ಚಿಕಿತ್ಸೆಗೆ ಸಿಗುವಷ್ಟೇ ಸಣ್ಣದು. ಅವರ ಮಗಳು ಲ್ಯಾಬಿನ ತನಕ ಬಂದು, 'ಸಾರ್, ಇನ್ನು ಮೇಲೆ ಈ ಟೆಸ್ಟ್ ಒಂದೇ ಸಾಕಲ್ವಾ?' ಅಂತ ಕೇಳಿದರು. 'ಸಾಲದಮ್ಮ, ಸ್ಕ್ಯಾನ್ ಬಿಡಬೇಡಿ' ಅಂದೆ. ಇವತ್ತಿಗೂ ಚಿಕಿತ್ಸೆಯ ದಾರಿ ತೀರ್ಮಾನಿಸುವುದು ಗಡ್ಡೆಯ ಗಾತ್ರ, ಸಂಖ್ಯೆ, ಲಿವರ್‌ನ ಶಕ್ತಿ, ರೋಗಿ ಎಷ್ಟು ಗಟ್ಟಿಯಿದ್ದಾರೆ ಅನ್ನುವುದೇ.

ನನ್ನ ರಿಪೋರ್ಟಿನಲ್ಲಿ 'ಇದೆ', 'ಇಲ್ಲ' ಎರಡೇ ಪದ ಇರುವುದಿಲ್ಲ. ಎಷ್ಟು ಎಂಎಲ್ ಪ್ಲಾಸ್ಮಾ, ಎಷ್ಟು ಪ್ರತಿ ಓದಿದೆವು, ಅದರಲ್ಲಿ ಗಡ್ಡೆಯದ್ದೆಷ್ಟು, ಹಿಂದಿನ ಸಲ ಎಷ್ಟಿತ್ತು, ಎಲ್ಲ ಬರೆಯುತ್ತೇನೆ. ಡಾಕ್ಟರ್‌ಗಳಿಂದಲೂ ಮೂರು ವಿಷಯ ಕೇಳಿ ಪಡೆಯುತ್ತೇನೆ: ರಕ್ತ ತೆಗೆದ ಸಮಯ, ಕೊನೆಯ ಚಿಕಿತ್ಸೆಯ ದಿನಾಂಕ, ಆ ದಿನದ ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ವಸ್ತು). ಮೊದಲನೆಯದು ಇಲ್ಲದೆ ಬಂದ ಇಡಿಟಿಎ ಟ್ಯೂಬನ್ನು ಪರೀಕ್ಷೆಗೆ ತೆಗೆದುಕೊಳ್ಳುವುದಿಲ್ಲ, ಫೋನ್ ಮಾಡಿ ಇನ್ನೊಂದು ಕಳಿಸಿ ಅಂತ ಕೇಳುತ್ತೇನೆ.