ಫೆರಿಟಿನ್ 68 ಇತ್ತು, ಮೈಯಲ್ಲಿ ಕಬ್ಬಿಣ ಇರಲಿಲ್ಲ

ಎಂಟು ವರ್ಷದಿಂದ ಅಲ್ಸರೇಟಿವ್ ಕೊಲೈಟಿಸ್ ಎಂಬ ದೊಡ್ಡ ಕರುಳಿನ ಹುಣ್ಣು, ಉರಿಯೂತದ ಕಾಯಿಲೆ ಜೊತೆ ಏಗುತ್ತಿದ್ದೇನೆ. ಕಳೆದ ತಿಂಗಳು ಹಿಮೋಗ್ಲೋಬಿನ್ 12.6 ಬಂತು. ಅದಕ್ಕೆ ಮೊದಲು ಒಂದೂವರೆ ವರ್ಷ 8ರ ಆಸುಪಾಸಿನಲ್ಲೇ ಬಿದ್ದುಕೊಂಡಿತ್ತು. ಈ ಕಾಯಿಲೆಯವರಿಗೆ ರಕ್ತ ಏರುವುದೇ ಇಲ್ಲ ಎಂದವರಿಗೆಲ್ಲ ಆ ವರದಿಯನ್ನು ತೋರಿಸಿ ಬಂದಿದ್ದೇನೆ.

ಮೊದಲು ಕೆಟ್ಟದ್ದು ಮಾತ್ರೆಯಲ್ಲಿ. ಕರುಳು ಕೆರಳಿರುವಾಗಲೇ ದಿನಕ್ಕೆರಡು ಕಬ್ಬಿಣದ ಮಾತ್ರೆ ನುಂಗಿದೆ. ಹೊಟ್ಟೆ ನುಲಿತ ಹೆಚ್ಚಿತು, ಮಲ ಕಪ್ಪಾಯಿತು. ರಕ್ತ ಹೋಗುತ್ತಿದೆಯೋ ಇಲ್ಲವೋ ತಿಳಿಯದಾಯಿತು. ಹದಿನಾಲ್ಕು ತಿಂಗಳಿಗೆ ಸುಮಾರು ಹನ್ನೊಂದು ಸಾವಿರ ರೂಪಾಯಿ ಸುರಿದೆ. ಹಿಮೋಗ್ಲೋಬಿನ್ ಏರಿದ್ದು 0.3.

ಎರಡನೆಯ ತಪ್ಪು ಫೆರಿಟಿನ್ ನಂಬಿದ್ದು, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟೆಂದು ತೋರಿಸುವ ರಕ್ತಪರೀಕ್ಷೆಯನ್ನು. 68 ಎಂದರೆ ಲ್ಯಾಬಿನ ಕಾಗದದಲ್ಲಿ ಸಹಜ. ಆದರೆ ಉರಿಯೂತ ಇರುವಾಗ ಆ ಅಂಕಿ ತಾನಾಗಿ ಉಬ್ಬುತ್ತದೆ. 100ರವರೆಗೂ ಕೊರತೆ ಅಡಗಿರಬಹುದು. ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನು ಎಷ್ಟು ತುಂಬಿದೆ ಎಂದು ಹೇಳುವ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಪರೀಕ್ಷೆ ಬರೆದುಕೊಡಿ ಎಂದು ನಾನೇ ಹಠ ಹಿಡಿದೆ. ಶೇ. 8 ಬಂತು, ತೀರಾ ಕಡಿಮೆ. ಆಮೇಲೆ ಕಬ್ಬಿಣವನ್ನು ನೇರ ರಕ್ತಕ್ಕೆ ಏರಿಸುವ ಡ್ರಿಪ್ ಬೇಡ ಎನ್ನಲು ವೈದ್ಯರಿಗೂ ಕಾರಣ ಉಳಿಯಲಿಲ್ಲ.

"ಖರ್ಜೂರ, ದಾಳಿಂಬೆ ತಿಂದರೆ ಸಾಲದೇನೇ? ರಕ್ತಕ್ಕೂ ಸೂಜಿಯೇ?" ಎಂದು ಅಮ್ಮ ಕಣ್ಣೀರು ಹಾಕಿದರು. ಏರಿಸಿದ್ದು ಐರನ್ ಸುಕ್ರೋಸ್ ಎಂಬ ಕಬ್ಬಿಣದ ಔಷಧಿ, ಬಾರಿಗೆ 200 ಮಿಲಿಗ್ರಾಂ, ವಾರಕ್ಕೆರಡು, ಒಟ್ಟು ಏಳು ಬಾರಿ. ಹಾಸಿಗೆ ಬಾಡಿಗೆ ಸೇರಿ ಆರು ಸಾವಿರದೊಳಗೆ ಮುಗಿಯಿತು. ಮೊದಲ ದಿನ ಒಂದು ನರ್ಸಿಂಗ್ ಹೋಮಿನಲ್ಲಿ ಸೂಜಿ ನರದಿಂದ ಜಾರಿ ಔಷಧಿ ಚರ್ಮದಡಿ ಸೋರಿತು. ಉರಿಯುತ್ತಿದೆ ಎಂದರೂ ಕೇಳಲಿಲ್ಲ. ಅಡಿಕೆ ಚೊಗರಿನ ಬಣ್ಣದ ಕಲೆ, ಹೆಬ್ಬೆಟ್ಟಿನಗಲ, ಮಣಿಕಟ್ಟಿನ ಮೇಲೆ ಇನ್ನೂ ಇದೆ. ಉಳಿದ ಆರನ್ನು ಬೇರೆ ಕಡೆ ಮಾಡಿಸಿದೆ. ಮೊದಲು ಬರಿ ಸಲೈನ್ ಹರಿಸಿ ನೋಡಿ ಎಂದು ಕೇಳುತ್ತೇನೆ, ಉರಿ ಬಂದರೆ ಆ ಕ್ಷಣವೇ ನಿಲ್ಲಿಸುತ್ತೇನೆ. ಡ್ರಿಪ್ ಏರುವಾಗ ನಾಲಿಗೆಯಲ್ಲಿ ತಾಮ್ರದ ಚೊಂಬು ನೆಕ್ಕಿದಂಥ ರುಚಿ, ಅದಕ್ಕೆ ಹೆದರಬೇಕಿಲ್ಲ.

ಕರುಳಿನ ಉರಿಯೂತ ಅಳೆಯುವ ಮಲಪರೀಕ್ಷೆ ಕ್ಯಾಲ್‌ಪ್ರೊಟೆಕ್ಟಿನ್ ಒಂಬೈನೂರರಿಂದ ನೂರಿಪ್ಪತ್ತಕ್ಕೆ ಇಳಿದ ಮೇಲಷ್ಟೇ ಮತ್ತೆ ಮಾತ್ರೆಗೆ ಕೈ ಹಾಕಿದೆ. ಅದೂ ದಿನ ಬಿಟ್ಟು ದಿನ, ಒಂದೇ. ಕಾಫಿಗೂ ಕ್ಯಾಲ್ಸಿಯಂ ಮಾತ್ರೆಗೂ ದೂರ. ಅದು ಹೊಟ್ಟೆಗೆ ಒಗ್ಗಲು ಜೊತೆಗೆ ಏನು ತಿನ್ನುತ್ತೇನೆ ಎಂಬುದನ್ನು ಸದ್ಯಕ್ಕೆ ಹೇಳುವುದಿಲ್ಲ. ಇನ್ನಿಬ್ಬರು ಮಾಡಿ ನೋಡುತ್ತಿದ್ದಾರೆ.

ನಡುವೆ ಕಬ್ಬಿಣದ ಬಾಣಲೆಯಲ್ಲಿ ಹುಣಸೆ ಗೊಜ್ಜನ್ನೂ ಕುದಿಸಿದೆ. ಬಾಣಲೆ ಕಬ್ಬಿಣ ಬಿಟ್ಟು ಗೊಜ್ಜು ಮಸಿಯಂತಾಯಿತು, ಆದರೆ ನನ್ನ ಕರುಳಿಗೆ ಆ ಹುಳಿ ತಡೆಯಲಿಲ್ಲ. ನುಗ್ಗೆಸೊಪ್ಪೂ ಹಾಗೆಯೇ, ಕಾಯಿಲೆ ಕೆರಳಿರುವಾಗ ಬೇಡವೇ ಬೇಡ. ಬಾಯಿಗೆ ರುಚಿ ಸತ್ತಿದ್ದಕ್ಕೆ ಸತು ಕಡಿಮೆಯಾಗಿದ್ದು ಕಾರಣ ಎಂದು ವೈದ್ಯರು ಆರು ವಾರ ಅದರ ಮಾತ್ರೆ ಕೊಟ್ಟರು. ಮೂರನೇ ವಾರ ಸಾರಿನ ಇಂಗು ಗೊತ್ತಾಯಿತು! ಆರಕ್ಕೆ ನಿಲ್ಲಿಸಿದೆವು, ಅತಿಯಾದರೆ ದೇಹದ ತಾಮ್ರ ಇಳಿಯುತ್ತದೆ.

ಈಗ ಫೆರಿಟಿನ್ 130ರ ಹತ್ತಿರ. ಮೂರು ತಿಂಗಳಿಗೊಮ್ಮೆ ನೋಡುತ್ತೇವೆ. 100ಕ್ಕಿಂತ ಇಳಿದರೆ ಮತ್ತೆ ಡ್ರಿಪ್ ಎಂದು ವೈದ್ಯರೊಡನೆ ಮಾತಾಗಿದೆ. ಅದಕ್ಕೆಂದೇ ಆರು ಸಾವಿರ ತೆಗೆದಿಟ್ಟಿದ್ದೇನೆ.